ವೀಲ್‌ಚೇರಿನಲ್ಲಿ ಕೂತು ತಾಂಡಾ ಸೇವೆ ಮಾಡಬಹುದೇ?

ಪ್ರಶ್ನೆ: ನನಗೆ 29 ವರ್ಷ, ಬೀದರ್ ಜಿಲ್ಲೆಯವನು. ಐದು ವರ್ಷದ ಹಿಂದೆ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು ಬೆನ್ನುಹುರಿಗೆ ಟಿ10 ಮಟ್ಟದಲ್ಲಿ (ಸುಮಾರು ಹೊಕ್ಕುಳಿನಿಂದ ಕೆಳಗೆ) ಪೆಟ್ಟಾಯಿತು. ಕಾಲಿಗೆ ಸ್ವಾಧೀನವೂ ಇಲ್ಲ, ಸ್ಪರ್ಶವೂ ಇಲ್ಲ. ಕೈ ಗಟ್ಟಿ ಇವೆ, ಪೈಪ್ ಹಾಕಿ ಮೂತ್ರ ತೆಗೆಯುವುದನ್ನು ಕಲಿತಿದ್ದೇನೆ. ಎರಡು ವರ್ಷದ ಬೈಬಲ್ ತರಬೇತಿ ಮುಗಿದಿದೆ. ಕಲಬುರಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಸೇವೆ ಮಾಡುವ ಕರೆ ನನ್ನ ಮೇಲಿದೆ. ಸಭೆಯ ಹಿರಿಯರು ‘ಮೊದಲು ಸ್ವಸ್ಥತೆಗಾಗಿ ಪ್ರಾರ್ಥಿಸು, ಎದ್ದು ನಡೆದ ಮೇಲೆ ಹೋಗುವಿಯಂತೆ’ ಎನ್ನುತ್ತಾರೆ. ಮಿಷನ್ ಸಂಸ್ಥೆಯವರು ‘ಆಫೀಸಿನಲ್ಲೇ ಇರಿ, ಪ್ರಾರ್ಥನಾ ಪತ್ರಿಕೆ ನೋಡಿಕೊಳ್ಳಿ’ ಎಂದರು. ಅಮ್ಮನಿಗೆ ‘ಅಲ್ಲಿ ನಿನ್ನ ನೋಡೋರು ಯಾರು’ ಎಂಬ ಚಿಂತೆ. ನನ್ನಂಥವರು ನಿಜವಾಗಿ ಕ್ಷೇತ್ರದಲ್ಲಿ ಇರಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಬೆನ್ನುಹುರಿಗೆ ಪೆಟ್ಟಾದವರು ಕ್ಷೇತ್ರ ಬಿಟ್ಟು ಬರಬೇಕಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಕೂತ ಜಾಗದ ಹುಣ್ಣು, ಮೂತ್ರದ ಸೋಂಕು, ಗಾಲಿ ಒಳಗೆ ಹೋಗದ ಸಂಡಾಸ. ಈ ಮೂರಕ್ಕೆ ಮೊದಲೇ ದಾರಿ ಮಾಡಿಕೊಂಡವರು ವರ್ಷಗಟ್ಟಲೆ ಸೇವೆಯಲ್ಲಿ ಇರಬಲ್ಲರು. ‘ಹೋದಮೇಲೆ ನೋಡೋಣ’ ಎಂದು ಹೊರಟವರ ಉತ್ಸಾಹ ಮೊದಲ ಬೇಸಿಗೆಯನ್ನೂ ದಾಟುವುದಿಲ್ಲ. ಆದ್ದರಿಂದ ದೇಹದ ವೇಳಾಪಟ್ಟಿಯನ್ನು ಮೊದಲು ಬರೆಯಿರಿ. ಸೇವೆಯನ್ನು ಅದರೊಳಗೆ ಕೂರಿಸಿ. ಇದನ್ನು ತಲೆಕೆಳಗು ಮಾಡಬೇಡಿ.

ಹಿರಿಯರ ಮಾತಿಗೆ ಮೊದಲು ಬರುತ್ತೇವೆ, ಅದು ನಿಮ್ಮನ್ನು ಹೆಚ್ಚು ನೋಯಿಸಿದೆ ಅನ್ನಿಸುತ್ತದೆ. ಸ್ವಸ್ಥತೆಗಾಗಿ ಪ್ರಾರ್ಥಿಸುವುದು ಒಳ್ಳೆಯದೇ. ಅದನ್ನು ಸೇವೆಗೆ ಷರತ್ತು ಮಾಡುವುದಕ್ಕೆ ಮಾತ್ರ ಬೈಬಲಿನಲ್ಲಿ ಆಧಾರ ಸಿಗುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನು, ದೇಹಕ್ಕೆ ಅಸ್ವಸ್ಥತೆ ಇದ್ದ ಕಾರಣದಿಂದಲೇ ತಾನು ಅವರಿಗೆ ಮೊದಲ ಸಲ ಸುವಾರ್ತೆ ಸಾರಿದ್ದು ಎನ್ನುತ್ತಾನೆ. ಮೋಶೆ ತನ್ನ ನಾಲಿಗೆ ಮಂದ ಎಂದಾಗ ದೇವರು ನಾಲಿಗೆಯನ್ನು ಸರಿಮಾಡಲಿಲ್ಲ, ಜೊತೆಗೆ ಆರೋನನನ್ನು ಕೊಟ್ಟ. ಹಿರಿಯರ ಜೊತೆ ವಾದಕ್ಕೆ ಇಳಿಯದೆ ಈ ಎರಡು ಭಾಗಗಳನ್ನು ಅವರೊಂದಿಗೇ ಕೂತು ಓದಿ. ‘ಪ್ರಾರ್ಥನೆ ನಡೆಯಲಿ, ಸೇವೆಯೂ ನಡೆಯಲಿ’ ಎಂಬಲ್ಲಿಗೆ ಬಂದರೆ ಸಾಕು. ನಿಮ್ಮನ್ನು ಕಳಿಸಿಕೊಡುವ ಸಭೆ ಒಳಮನಸ್ಸಿನಲ್ಲಿ ನಿಮ್ಮ ನಂಬಿಕೆ ಕಡಿಮೆ ಎಂದುಕೊಂಡಿದ್ದರೆ ಮೊದಲ ಜ್ವರಕ್ಕೇ ವಾಪಸ್ ಕರೆಯುತ್ತದೆ, ಹಾಗಾಗಿ ಈ ಮಾತುಕತೆ ಈಗಲೇ ಮುಗಿಯಬೇಕು.

ನಮ್ಮ ನೆಲದಲ್ಲೇ ನಡೆದ ಎರಡು ಬದುಕುಗಳನ್ನು ಇಲ್ಲಿ ನೆನೆಯಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಡಾಕ್ಟರಾಗಿದ್ದ ಮೇರಿ ವರ್ಗೀಸ್ ಅವರಿಗೆ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವರಿದ್ದದ್ದು ಸ್ತ್ರೀರೋಗ ವಿಭಾಗದಲ್ಲಿ. ಮೇರಿಯವರನ್ನು ಕುಷ್ಠರೋಗಿಗಳ ಕೈ ಶಸ್ತ್ರಚಿಕಿತ್ಸೆಯ ಕಡೆಗೆ ತಿರುಗಿಸಿದವರು ಅಲ್ಲಿನ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದು, ಅಲ್ಲಿದೆ ಗುಟ್ಟು. ಮುಂದೆ 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆಯನ್ನೇ ಕಟ್ಟಿದರು, 1972ರಲ್ಲಿ ಪದ್ಮಶ್ರೀ ಬಂತು. ಇನ್ನೊಬ್ಬರು ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್. 1895ರಲ್ಲಿ ಭಾರತಕ್ಕೆ ಬಂದಾಗ ಅವರು ಮೊದಲು ಸೇವೆ ಮಾಡಿದ್ದು ಬೆಂಗಳೂರಿನಲ್ಲಿ. ಆಮೇಲೆ ತಮಿಳುನಾಡಿನ ದೋಣಾವೂರಿನಲ್ಲಿ ಮಕ್ಕಳ ಆಶ್ರಯ ಕಟ್ಟಿದರು. 1931ರಲ್ಲಿ ಬಿದ್ದು ಪೆಟ್ಟಾದ ಮೇಲೆ 1951ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚಿನ ಕಾಲ ಕೋಣೆಯಲ್ಲೇ ಇದ್ದು ಬರೆದರು, ದಾರಿ ತೋರಿಸಿದರು. ಇಬ್ಬರೂ ಹಳೆಯ ಕೆಲಸವನ್ನೇ ಹಠದಿಂದ ಹಿಡಿದು ಎಳೆಯಲಿಲ್ಲ. ಕೂತು ಮಾಡಬಹುದಾದ, ಮಲಗಿ ಮಾಡಬಹುದಾದ ಕೆಲಸವನ್ನು ಹುಡುಕಿಕೊಂಡರು. ನಿಮ್ಮದೂ ಹಾಗೆಯೇ: ದಿನಕ್ಕೆ ಹತ್ತು ಮನೆ ಸುತ್ತುವ ಮಿಷನರಿಯ ನಕಲಾಗಲು ಹೋಗಬೇಡಿ. ಲಂಬಾಣಿ ಭಾಷೆಗೆ ಸ್ವಂತ ಲಿಪಿ ಇಲ್ಲ, ಅದು ಬಾಯಿಂದ ಬಾಯಿಗೆ ಹರಿದ ಭಾಷೆ. ಒಂದೇ ಕಟ್ಟೆಯ ಮೇಲೆ ಕೂತು ಕಥೆ ಹೇಳುವವರಿಗೆ, ಕೇಳಿಸಿಕೊಳ್ಳುವವರಿಗೆ ಅಲ್ಲಿ ಜಾಗ ಇದೆ. ನಾಲ್ಕು ತಾಂಡಾ ಸಾಕು. ಹನ್ನೆರಡು ಬೇಡ.

ಈಗ ದೇಹದ ಮಾತು. ಹುಣ್ಣಿನಿಂದ ಶುರುಮಾಡುತ್ತೇವೆ, ಏಕೆಂದರೆ ಉಳಿದೆಲ್ಲಕ್ಕಿಂತ ಇದೇ ಹೆಚ್ಚು ಜನರನ್ನು ಹಾಸಿಗೆಗೆ ಕೆಡವುವುದು. ಸ್ಪರ್ಶ ಇಲ್ಲದ ಕಡೆ ಮೂಳೆ ಚರ್ಮವನ್ನು ಒತ್ತಿದಾಗ ರಕ್ತ ನಿಲ್ಲುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಪ್ರತಿ ಅರ್ಧ ಗಂಟೆಗೆ ಎರಡು ನಿಮಿಷ ಆ ಭಾರ ಇಳಿಸಬೇಕು. ಎರಡು ಕೈ ಊರಿ ಮೇಲಕ್ಕೆ ಎತ್ತಿಕೊಳ್ಳುವುದನ್ನೇ ಎಲ್ಲರೂ ಕಲಿತಿರುತ್ತಾರೆ. ಆದರೆ ಹಾಗೆ ಎರಡು ನಿಮಿಷ ನಿಲ್ಲಲು ಯಾರಿಗೂ ಆಗುವುದಿಲ್ಲ, ಭುಜವೂ ಸವೆಯುತ್ತದೆ. ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೊಣಕಾಲ ಮೇಲೆ ಇಟ್ಟು, ಎದೆಯನ್ನು ತೊಡೆಯ ಹತ್ತಿರ ತರುವುದು ಉತ್ತಮ. ನೋಡಿ, ಇದು ಪ್ರಾರ್ಥನೆಗೆ ಬಾಗಿದ ಭಂಗಿಯೇ. ಕೂಟವನ್ನು ಹಾಗೆ ಜೋಡಿಸಿಕೊಳ್ಳಿ: ಹಾಡು, ಪ್ರಾರ್ಥನೆ, ಅರ್ಧ ಗಂಟೆ ಮೀರದ ಸಂದೇಶ, ಮತ್ತೆ ಪ್ರಾರ್ಥನೆ. ಒಂದು ಗಂಟೆ ಸತತ ಪ್ರಸಂಗ ಮಾಡುವ ಅಭ್ಯಾಸ ಇದ್ದರೆ ಬಿಡಿ.

ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವ ಮುಂಚೆ ಉದ್ದ ಹಿಡಿಯ ಕನ್ನಡಿಯಲ್ಲಿ ಕೂರುವ ಮೂಳೆ, ಬೆನ್ನಿನ ಬುಡ, ಸೊಂಟದ ಎರಡೂ ಬದಿ, ಹಿಮ್ಮಡಿ, ಹರಡು ನೋಡಿಕೊಳ್ಳಿ. ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ, ಅರ್ಧ ಗಂಟೆಯೊಳಗೆ ಮಾಸಿಹೋದರೆ ಪರವಾಗಿಲ್ಲ. ಒತ್ತಿದರೂ ಬಿಳಿಚದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದು, ಅಲ್ಲಿ ಬಿಸಿ, ಊತ, ಗಟ್ಟಿತನವನ್ನು ಕೈಯಿಂದ ಮುಟ್ಟಿ ನೋಡಿ. ಅಂಥ ಕಲೆ ಪೂರ್ತಿ ಹೋಗುವವರೆಗೆ ಆ ಜಾಗದ ಮೇಲೆ ಕೂರುವಂತಿಲ್ಲ. ಆ ದಿನದ ಕೂಟ ರದ್ದು ಮಾಡಿ, ನಾಚಿಕೆ ಬೇಡ. ಎರಡು ದಿನ ಬೋರಲು ಮಲಗಿದರೆ ಹೋಗುವ ಕಲೆಯನ್ನು ಕಡೆಗಣಿಸಿದರೆ ಅದು ಮೂಳೆಯವರೆಗೆ ಇಳಿದು ತಿಂಗಳುಗಟ್ಟಲೆ ಮಲಗಿಸಬಲ್ಲದು.

ಕುಶನ್ ಇಲ್ಲದೆ ಎಲ್ಲೂ ಕೂರಬೇಡಿ, ಟಂಟಂ ಸೀಟಿನ ಮೇಲೂ ಇಲ್ಲ, ಹೊರಸಿನ ಮೇಲೂ ಇಲ್ಲ. ವೀಲ್‌ಚೇರಿನ ಕುಶನ್ನನ್ನೇ ಎತ್ತಿ ಅಲ್ಲಿ ಹಾಕಿಕೊಳ್ಳಿ. ಫೋಮ್ ಕುಶನ್ ದಿನ ಕಳೆದಂತೆ ಚಪ್ಪಟೆಯಾಗುತ್ತದೆ. ಮೇಲೆ ಕೂತಿದ್ದಾಗ ಅಡಿಗೆ ಕೈ ಹಾಕಿ ನೋಡಿ: ಮೂಳೆಗೂ ತಳಕ್ಕೂ ನಡುವೆ ಒಂದು ಇಂಚಿನಷ್ಟಾದರೂ ಮೆತ್ತೆ ಉಳಿದಿರಬೇಕು. ಗಾಳಿ ಕುಶನ್ ಚರ್ಮಕ್ಕೆ ಒಳ್ಳೆಯದು, ಆದರೆ ಜಾಲಿಮುಳ್ಳಿನ ಊರಿಗೆ ಅದೊಂದನ್ನೇ ನಂಬಿ ಹೋಗಬೇಡಿ. ಪ್ಯಾಚ್ ಕಿಟ್ ಜೊತೆಗೆ ಒಂದು ಫೋಮ್ ಕುಶನ್ ಮನೆಯಲ್ಲಿ ಇರಲಿ.

ಮೂತ್ರದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹೊರಗೆ ಸಂಡಾಸ ಇಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು. ಮೂತ್ರ ಗಟ್ಟಿಯಾಗಿ, ಕಲ್ಲು ಕಟ್ಟಿ, ಸೋಂಕು ಏರುವುದು ಹೀಗೆ. ವೈದ್ಯರು ಬೇರೆ ಹೇಳಿರದಿದ್ದರೆ ದಿನಕ್ಕೆ ಸುಮಾರು ಎರಡು ಲೀಟರ್ ನೀರು, ಹಗಲಿನಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಪೈಪ್. ಒಂದು ಸಲಕ್ಕೆ 500 ಮಿಲಿ ಮೀರಿದರೆ ನಡುವಿನ ಅಂತರ ಕಡಿಮೆ ಮಾಡಬೇಕು. ತಾಂಡಾದಲ್ಲಿ ಜನ ಕೂಲಿಯಿಂದ ಮರಳುವುದು ಸಂಜೆ, ಕೂಟ ಏಳಕ್ಕೆ ಶುರುವಾಗಿ ಒಂಬತ್ತರ ತನಕ ನಡೆದೀತು. ಆದ್ದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಇಟ್ಟುಕೊಂಡರೆ ಕೂಟದ ನಡುವೆ ಏಳುವ ಪ್ರಶ್ನೆ ಬರುವುದಿಲ್ಲ. ಆದರೆ ಚಹಾ ಲೆಕ್ಕದಲ್ಲಿರಲಿ. ಪ್ರತಿ ಮನೆಯಲ್ಲೂ ಕೊಡುತ್ತಾರೆ, ಬೇಡವೆಂದರೆ ಬೇಜಾರು. ಆರು ಮನೆಯ ಚಹಾ ಸೇರಿದರೆ ಅರ್ಧ ಲೀಟರಿನ ಹತ್ತಿರ ಹೋಗುತ್ತದೆ. ಒಂದೆರಡು ಗುಟುಕು ಕುಡಿದು ಲೋಟವನ್ನು ಜೊತೆಗಾರರಿಗೆ ದಾಟಿಸಿ. ಬಿಸಿ ಲೋಟವನ್ನು ತೊಡೆಗಳ ನಡುವೆ ಇಡಬೇಡಿ, ಸುಟ್ಟದ್ದು ರಾತ್ರಿ ಬಟ್ಟೆ ಬಿಚ್ಚಿದಾಗಲೇ ಗೊತ್ತಾಗುವುದು. ಬಿಸಿಲಿಗೆ ಬಿಟ್ಟ ವೀಲ್‌ಚೇರಿನ ರೆಕ್ಸಿನ್, ಬೈಕಿನ ಸೈಲೆನ್ಸರ್ ಕೂಡ ಇದೇ ಜಾತಿ.

ದಿನಕ್ಕೆ ಐದು ಪೈಪ್ ಎಂದರೆ ತಿಂಗಳಿಗೆ 150. ಒಮ್ಮೆ ಬಳಸಿ ಎಸೆಯುವುದೇ ಸುರಕ್ಷಿತ. ಮತ್ತೆ ಬಳಸಬೇಕಾದ ಪರಿಸ್ಥಿತಿ ಇದ್ದರೆ ತೊಳೆದು ಒಣಗಿಸುವ ಕ್ರಮವನ್ನು ನಿಮ್ಮ ಯುರಾಲಜಿಸ್ಟ್ (ಮೂತ್ರರೋಗ ತಜ್ಞ) ಎದುರಲ್ಲೇ ಮಾಡಿ ತೋರಿಸಿ ಸರಿಯೆನ್ನಿಸಿಕೊಳ್ಳಿ. ಹೊರಗೆ ಹೋಗುವ ಚೀಲದಲ್ಲಿ ಎರಡು ಪೈಪ್ ಹೆಚ್ಚಿಗೆ, ಜೆಲ್ಲಿ, ಸೋಪು, ನೀರಿನ ಬಾಟಲಿ, ಮೂತ್ರ ಹಿಡಿಯುವ ಚೀಲ, ಪರದೆಗೆ ಒಂದು ಲುಂಗಿ. ಚಳಿ ಜ್ವರ ಬಂದರೆ, ಕಾಲಿನ ಸೆಳೆತ ಹೆಚ್ಚಿದರೆ, ಮೂತ್ರ ಕದಡಿ ವಾಸನೆ ಬಂದರೆ, ನಡುವೆ ಸೋರತೊಡಗಿದರೆ ಅದೇ ದಿನ ವೈದ್ಯರ ಬಳಿ ಹೋಗಿ. ಮೆಡಿಕಲ್ ಅಂಗಡಿಯ ಮಾತ್ರೆ ನುಂಗುವ ಮುಂಚೆ ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಡಿ. ಆಮೇಲೆ ಕೊಟ್ಟರೆ ಯಾವ ಔಷಧ ಹಿಡಿಯುತ್ತದೆ ಎನ್ನುವುದು ಸರಿಯಾಗಿ ಗೊತ್ತಾಗದೆ ಹೋಗಬಹುದು.

ಮಲವಿಸರ್ಜನೆಗೆ ಒಂದೇ ಹೊತ್ತು ಹಿಡಿಯಿರಿ. ಬಿಸಿ ಏನಾದರೂ ಕುಡಿದು ಅಥವಾ ತಿಂದು ಅರ್ಧ ಗಂಟೆಯ ಮೇಲೆ ಕೂತರೆ ಕರುಳು ತಾನೇ ಚಲಿಸುತ್ತದೆ. ಒಟ್ಟು 30ರಿಂದ 45 ನಿಮಿಷ. ಮದುವೆಯೂಟ, ಪ್ರಯಾಣ, ಊಟದ ಹೊತ್ತು ತಪ್ಪುವುದು ಇದನ್ನು ಕೆಡಿಸುತ್ತವೆ. ಅದಕ್ಕೇ ಬೆಳಿಗ್ಗೆ ಎಂಟರ ಮುಂಚೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಬೇಡಿ.

ಇನ್ನು ವಾಸ. ತಾಂಡಾದೊಳಗೇ ಇರಬೇಕೆಂಬ ಆಸೆ ನಿಮಗಿರಬಹುದು, ನಮ್ಮ ಸಲಹೆ ಬೇರೆ. ತಾಲೂಕು ಊರಿನಲ್ಲಿ ನೆಲಮಹಡಿಯ ಬಾಡಿಗೆ ಮನೆ, ಅಲ್ಲಿಂದ 15-20 ಕಿಲೋಮೀಟರ್ ಒಳಗಿನ ತಾಂಡಾಗಳು, ಯುರಾಲಜಿ ಸಿಗುವ ಆಸ್ಪತ್ರೆಗೆ ಒಂದೂವರೆ ಗಂಟೆ ಮೀರದ ದಾರಿ. ಮನೆ ನೋಡಲು ಹೋಗುವಾಗ ಟೇಪ್ ಒಯ್ಯಿರಿ. ವೀಲ್‌ಚೇರಿನ ಒಟ್ಟು ಅಗಲ ಸಾಮಾನ್ಯವಾಗಿ 60-65 ಸೆಂಟಿಮೀಟರ್. ಮುಂಬಾಗಿಲು ಸಾಲುತ್ತದೆ, ಸಿಕ್ಕಿಕೊಳ್ಳುವುದು ಬಚ್ಚಲ ಬಾಗಿಲಲ್ಲಿ. ಅಲ್ಲಿ ಬಾಗಿಲನ್ನೇ ಕಳಚಿ ಪರದೆ ಹಾಕಿದರೆ ನಾಲ್ಕೈದು ಸೆಂಟಿಮೀಟರ್ ಸಿಗುತ್ತದೆ. ಕಮೋಡ್ ಇಲ್ಲದಿದ್ದರೂ ನೆಲ ಸಮ ಇದ್ದರೆ ಗಾಲಿ ಇರುವ ಕಮೋಡ್ ಕುರ್ಚಿಯನ್ನು ಇಂಡಿಯನ್ ಸಂಡಾಸದ ಮೇಲೆ ತಳ್ಳಿಕೊಂಡು ಕೂರಬಹುದು, ಸೀಟು ಮೆತ್ತಗಿರಬೇಕು ಅಷ್ಟೆ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು: ಅರ್ಧ ಅಡಿ ಹೊಸ್ತಿಲಿಗೆ ಆರು ಅಡಿ, ಒಂದು ಅಡಿ ಮೆಟ್ಟಿಲಿಗೆ ಹನ್ನೆರಡು ಅಡಿ. ಮೇಸ್ತ್ರಿಗಳು ಜಾಗ ಉಳಿಸಲು ಮೂರು ಅಡಿಯಲ್ಲಿ ಮುಗಿಸುತ್ತಾರೆ. ಅದರ ಮೇಲೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಕಲಬುರಗಿಯಲ್ಲಿ ಎರಡು ಕಾಲಗಳು ನಿಮಗೆ ಕಷ್ಟ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದುಂಟು. ಪೆಟ್ಟಿನ ಮಟ್ಟದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ದೇಹ ಬೇಗ ಕಾಯುತ್ತದೆ. ಹನ್ನೊಂದರಿಂದ ನಾಲ್ಕರ ತನಕ ಹೊರಗೆ ಬೇಡ, ಒದ್ದೆ ಟವೆಲು ಮತ್ತು ನೀರಿನ ಸ್ಪ್ರೇ ಜೊತೆಗಿರಲಿ. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೆ ಮೆತ್ತಿ ಉಂಡೆಯಾಗುತ್ತದೆ, ಮುಂದಿನ ಚಿಕ್ಕ ಗಾಲಿ ಹೂತು ನೀವು ಮುಗ್ಗರಿಸುತ್ತೀರಿ. ಅಂಥಲ್ಲಿ ಕುರ್ಚಿಯನ್ನು ತಿರುಗಿಸಿ, ದೊಡ್ಡ ಗಾಲಿ ಮೊದಲು ಬರುವಂತೆ ಹಿಮ್ಮುಖವಾಗಿ ಎಳೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಸಿ ರಸ್ತೆ ಇರುವ ತಾಂಡಾಗಳನ್ನೇ ಆರಿಸಿಕೊಳ್ಳಿ.

ಕುರ್ಚಿಗೆ ಹಿಂದೆ 24 ಇಂಚಿನ ಗಾಳಿ ಟೈರ್, ಮುಂದೆ ಅಗಲದ 8 ಇಂಚಿನ ಗಾಲಿ ಇರಲಿ. ಗಟ್ಟಿ ಟೈರ್ ಪಂಕ್ಚರ್ ಆಗುವುದಿಲ್ಲ ನಿಜ, ಆದರೆ ಪ್ರತಿ ಕಲ್ಲಿನ ಏಟನ್ನೂ ಬೆನ್ನಿಗೆ, ಕೂರುವ ಮೂಳೆಗೆ ಮುಟ್ಟಿಸುತ್ತದೆ. ಹಿಂದಿನ ಟ್ಯೂಬನ್ನು ಸೈಕಲ್ ಅಂಗಡಿಯವರು ಹಾಕಿಕೊಡುತ್ತಾರೆ. ಮುಂದಿನ ಗಾಲಿಯ ಬೇರಿಂಗ್ ಅವರ ಬಳಿ ಸಿಗಲಿಕ್ಕಿಲ್ಲ, ಒಂದು ಜೊತೆ ಇಟ್ಟುಕೊಳ್ಳಿ. ತಾಂಡಾಗೆ ಹೋಗಲು ಸೈಡ್ ವೀಲ್ ಹಾಕಿದ ಸ್ಕೂಟರ್ ಸಾಕು. ಅದನ್ನು ಆರ್‌ಟಿಓದಲ್ಲಿ ಅದೇ ರೂಪದಲ್ಲಿ ನೋಂದಾಯಿಸಿ, ಲೈಸೆನ್ಸ್ ಮಾಡಿಸಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಸಿಗುವುದು ಕಷ್ಟ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಯಂತ್ರಚಾಲಿತ ದ್ವಿಚಕ್ರ ವಾಹನಕ್ಕಾಗಿ ಅರ್ಜಿ ಹಾಕಬಹುದು, ಅದಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಬೇಕು. ರೈಲಿನಲ್ಲಿ, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗಾರರಿಗೂ ಅಷ್ಟೇ. ರೈಲ್ವೆಯ ಗುರುತಿನ ಚೀಟಿ ಬೇರೆಯಾಗಿ ಮಾಡಿಸಬೇಕು.

ತಾಂಡಾದಲ್ಲಿ ಹಿರಿಯರು ನೆಲದ ಮೇಲೆ ಕೂತಿರುವಾಗ ನೀವೊಬ್ಬರು ಕುರ್ಚಿಯಲ್ಲಿ ಎತ್ತರಕ್ಕೆ ಕೂತರೆ ಮಾತು ಕೂಡುವುದಿಲ್ಲ. ಆಗಾಗ ಕೆಳಗೆ ಇಳಿಯಬೇಕಾಗುತ್ತದೆ, ಕುಶನ್ ಸಮೇತ. ಮತ್ತೆ ಮೇಲೆತ್ತಲು ನಾಲ್ಕು ಜನ ಪ್ರೀತಿಯಿಂದ ಓಡಿಬರುತ್ತಾರೆ, ಒಬ್ಬೊಬ್ಬರು ಒಂದೊಂದು ಕೈಕಾಲು ಹಿಡಿಯುತ್ತಾರೆ. ಅಪಾಯ ಇಲ್ಲಿದೆ. ಕೈ ಹಿಡಿದು ಎಳೆದರೆ ಭುಜ ಕೆಡುತ್ತದೆ, ಉಜ್ಜಿಕೊಂಡು ಎಳೆದರೆ ಚರ್ಮ ಕಿತ್ತುಬರುತ್ತದೆ. ಐದು ವರ್ಷ ಭಾರ ಹೊರದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ, ತಿರುಚಿದರೆ ನೋವೇ ಇಲ್ಲದೆ ಮುರಿಯುತ್ತದೆ. ಕಾಲು ಒಂದೇ ಕಡೆ ಊದಿ ಬಿಸಿಯಾದರೆ ಎಕ್ಸ್‌ರೇ ಮಾಡಿಸಿ. ಪ್ರತಿ ತಾಂಡಾದಲ್ಲೂ ಇಬ್ಬರು ಯುವಕರಿಗೆ ಮೊದಲ ದಿನವೇ ಕಲಿಸಿ: ಗಾಲಿಯ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚಿ. ಒಬ್ಬರು ಹಿಂದಿನಿಂದ ನಿಮ್ಮ ಕಂಕುಳ ಕೆಳಗೆ ಎರಡೂ ಕೈ ತೂರಿಸಿ, ನೀವು ಎದೆಯ ಮೇಲೆ ಕಟ್ಟಿಕೊಂಡ ಮುಂಗೈಗಳನ್ನು ಹಿಡಿಯಬೇಕು. ಇನ್ನೊಬ್ಬರು ಮೊಣಕಾಲ ಕೆಳಗೆ ಎರಡೂ ಕೈ ಹಾಕಬೇಕು. ಎಣಿಕೆ ನಿಮ್ಮದು, ಮೂರು ಎಂದಾಗ ಇಬ್ಬರೂ ಒಟ್ಟಿಗೆ ಎತ್ತಬೇಕು. ಕುರ್ಚಿ ಸಮೇತ ಎತ್ತುವಾಗ ಕಳಚಿ ಬರುವ ಕೈಪಟ್ಟಿ ಹಿಡಿಯದೆ ಚೌಕಟ್ಟು ಹಿಡಿಯುವಂತೆ ಹೇಳಿ.

‘ನಿಮ್ಮ ದೇವರಿಗೆ ಶಕ್ತಿ ಇದ್ದರೆ ನಿಮ್ಮನ್ನೇ ಯಾಕೆ ಎಬ್ಬಿಸಲಿಲ್ಲ?’ ಈ ಪ್ರಶ್ನೆ ಬಂದೇ ಬರುತ್ತದೆ, ಹೆಚ್ಚಾಗಿ ಹಗೆಯಿಂದಲ್ಲ, ಮರುಕದಿಂದ. ನಾಳೆ ಎದ್ದು ನಡೆಯುತ್ತೇನೆಂದು ಹೇಳಬೇಡಿ. ಇದು ದೇವರ ಶಿಕ್ಷೆ ಎಂಬ ಮಾತಿಗೂ ತಲೆಯಾಡಿಸಬೇಡಿ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ ಪಾಪ ಇವನದೋ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಇಬ್ಬರದೂ ಅಲ್ಲ ಎಂದ. ಆ ಕಥೆಯನ್ನು ಲಂಬಾಣಿಯಲ್ಲೇ ಹೇಳಲು ಕಲಿಯಿರಿ. ಅಂಗವಿಕಲ ಮಗುವನ್ನು ಒಳಗೆ ಬಚ್ಚಿಟ್ಟುಕೊಂಡಿರುವ ತಾಯಿಗೆ ಆ ಒಂದು ಮಾತು ಎಷ್ಟು ದೊಡ್ಡದೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಅಂಥ ಮಕ್ಕಳನ್ನು ಜನ ನಿಮ್ಮ ಬಳಿಗೇ ಕರೆತರುತ್ತಾರೆ. ಅವರ ಯುಡಿಐಡಿ ಅರ್ಜಿ ತುಂಬಿಕೊಡಿ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪರಿಚಯ ಮಾಡಿಕೊಡಿ. ಇದನ್ನು ಕೂಟಕ್ಕೆ ಬರುವವರು, ಬಾರದವರು ಎಂಬ ಭೇದವಿಲ್ಲದೆ, ಕೂಟದ ಹೊತ್ತಿನಲ್ಲಲ್ಲದೆ ಬೇರೆ ದಿನ ಮಾಡಿ. ಸಹಾಯವನ್ನು ಮತಾಂತರಕ್ಕೆ ಆಮಿಷವಾಗಿ ಒಡ್ಡುವುದು ಸುವಾರ್ತೆಗೂ ಅವಮಾನ, ಕಾನೂನಿನಲ್ಲೂ ತೊಡಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಹೊರಡುವ ಮುಂಚೆ ರಾಜ್ಯದ ಕಾನೂನಿನ ಈಗಿನ ಸ್ಥಿತಿಯನ್ನು ವಕೀಲರೊಬ್ಬರಿಂದ ಕೇಳಿ ತಿಳಿದುಕೊಳ್ಳಿ.

ಮಿಷನ್ ಸಂಸ್ಥೆಯವರ ಹತ್ತಿರ ‘ಕಳಿಸುತ್ತೀರೋ ಇಲ್ಲವೋ’ ಎಂದು ಕೇಳಿದರೆ ಭಯಕ್ಕೇ ಇಲ್ಲ ಎನ್ನುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕೇಳಿ: ಮೊದಲು ಮೂರು ದಿನ, ಆಮೇಲೆ ಎರಡು ವಾರ, ಆಮೇಲೆ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಮೇ ಸೇರಿರಲಿ, ತಂಪು ಕಾಲದ ಪರೀಕ್ಷೆ ಪರೀಕ್ಷೆಯಲ್ಲ. ಪೈಪ್, ವರ್ಷಕ್ಕೊಮ್ಮೆ ಕುಶನ್, ಗಾಡಿ, ಸಹಾಯಕರ ಸಂಬಳ ಇವೆಲ್ಲ ಬಜೆಟ್ಟಿನಲ್ಲಿ ಬೇರೆ ಸಾಲುಗಳಾಗಿ ಬರಬೇಕು, ನಿಮ್ಮ ಭತ್ಯೆಯಿಂದ ಮುರಿದುಕೊಳ್ಳಬಾರದು. ಆರೋಗ್ಯ ವಿಮೆಯಲ್ಲಿ ಈಗಾಗಲೇ ಇರುವ ತೊಂದರೆಗೆ ಎಷ್ಟು ವರ್ಷ ಕಾಯಬೇಕೆಂದು ಪಾಲಿಸಿಯಲ್ಲೇ ಓದಿ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ದಾನಿಗಳಿಗೆ ಕಳಿಸುವ ಫೋಟೊದ ಬಗ್ಗೆಯೂ ಈಗಲೇ ಮಾತಾಡಿ: ನೀವು ಕಥೆ ಹೇಳುತ್ತಿರುವ ಚಿತ್ರ ಇರಲಿ, ನಿಮ್ಮನ್ನು ಎತ್ತಿಕೊಂಡು ಹೋಗುತ್ತಿರುವ ಚಿತ್ರ ಬೇಡ. ಆಫೀಸಿನ ಕೆಲಸವೂ ಸೇವೆಯೇ, ಆದರೆ ಅದನ್ನು ನೀವು ಆರಿಸಿಕೊಂಡಿರಬೇಕು.

ಕೊನೆಗೆ ಅಮ್ಮನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ, ಸಮಾಧಾನದ ಮಾತು ಅದಕ್ಕೆ ಉತ್ತರವಲ್ಲ. ಹೊರಡುವ ಮುಂಚೆ ಮನೆಯಲ್ಲೇ 30 ದಿನ ಎಲ್ಲವನ್ನೂ ನೀವೇ ಮಾಡಿ: ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸಂಡಾಸಕ್ಕೆ, ಸ್ನಾನ, ಕನ್ನಡಿ ಪರೀಕ್ಷೆ, ಬಟ್ಟೆ ಒಗೆಯುವುದು. ಅಮ್ಮ ನೋಡುತ್ತಿರಲಿ, ಕರೆದಾಗಷ್ಟೇ ಬರಲಿ. ಯಾವ ದಿನ ಯಾವುದಕ್ಕೆ ಕರೆದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಅಮ್ಮನ ಕೈಯಲ್ಲೇ ಬರೆಸಿ. ತಿಂಗಳ ಕೊನೆಗೆ ಅದರಲ್ಲಿ ಉಳಿದ ಮೂರೋ ನಾಲ್ಕೋ ಕೆಲಸಗಳೇ ಅಲ್ಲಿ ನಿಮ್ಮ ಸಹಾಯಕರು ಮಾಡಬೇಕಾದ ಕೆಲಸ. ಆ ಹುಡುಗನನ್ನು ಹೊರಡುವ ಎರಡು ವಾರ ಮುಂಚೆ ಮನೆಗೆ ಕರೆಸಿಕೊಳ್ಳಿ, ಅಮ್ಮನೇ ಅವನಿಗೆ ಕಲಿಸಲಿ. ಅವನು ಊರಿಗೆ ಹೋದ ದಿನಗಳಿಗೆಂದು ಕಲಬುರಗಿಯಲ್ಲಿ ಇನ್ನೊಬ್ಬರಿಗೂ ಅದೇ ಕೆಲಸ ಗೊತ್ತಿರಬೇಕು.